ಬೇಸಿಗೆ ಶಿಬಿರಕ್ಕೆ ಬೋಧಕರು ಬೇಕಾಗಿದ್ದಾರೆ

ಫೆಬ್ರುವರಿ ಬಂತೆಂದರೆ ನಗರಗಳ ಕಾಲೇಜು ಫಲಕಗಳಲ್ಲಿ ಒಂದು ಬಗೆಯ ಪ್ರಕಟಣೆ ಕಾಣಿಸಿಕೊಳ್ಳತೊಡಗುತ್ತದೆ. ಪಶ್ಚಿಮ ಘಟ್ಟದ ಮಡಿಲಲ್ಲಿ ಮಕ್ಕಳಿಗಾಗಿ ನಡೆಯುವ ಬೇಸಿಗೆಯ ವನವಾಸ ಶಿಬಿರಕ್ಕೆ ಬೋಧಕರು ಬೇಕಾಗಿದ್ದಾರೆ. ಇಪ್ಪತ್ತರಿಂದ ಮೂವತ್ತರೊಳಗಿನ ವಯಸ್ಸು. ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಬಲ್ಲವರಾಗಿರಬೇಕು. ಪರ್ವತಾರೋಹಣದ ಪ್ರಾಥಮಿಕ ತರಬೇತಿ ಪಡೆದವರಿಗೆ ಆದ್ಯತೆ. ಊಟ, ವಸತಿ ಉಚಿತ. ಕನ್ನಡ ತಿಳಿದಿರಬೇಕೆಂಬ ಷರತ್ತು ಅಪರೂಪ. ಮಲೆನಾಡಿನಲ್ಲಿ ಒಂದು ಮಳೆಗಾಲವನ್ನಾದರೂ ಕಳೆದಿರಬೇಕೆಂಬ ಷರತ್ತು ಇನ್ನೂ ಅಪರೂಪ. ಮಂಗನ ಕಾಯಿಲೆಯ ಬಗ್ಗೆ ಅರಿವಿರಬೇಕೆಂದು ಯಾರೂ ಕೇಳುವಂತೆ ಕಾಣುವುದಿಲ್ಲ.

ಹೀಗೆ ಆಯ್ಕೆಯಾದ ಯುವಕ ಅಥವಾ ಯುವತಿ ಏಪ್ರಿಲ್ ಎರಡನೆಯ ವಾರ ಘಟ್ಟ ಸೇರುತ್ತಾರೆ. ಮರುದಿನವೇ ಬಸ್ಸಿನಲ್ಲಿ ಮೂವತ್ತು ನಲವತ್ತು ಮಕ್ಕಳು ಬಂದಿಳಿಯುತ್ತಾರೆ. ಅಲ್ಲಿಂದ ಬೋಧಕನ ದಿನ ಬೆಳಗಿನ ಐದು ಗಂಟೆಗೆ ಆರಂಭವಾಗಿ ನಡುರಾತ್ರಿಗೆ ಮುಗಿಯುತ್ತದೆ. ಡೇರೆ ಹಾಕುವುದು, ಗಂಟು ಕಟ್ಟುವುದು, ದಿಕ್ಸೂಚಿ ನೋಡುವುದು, ಕಿಡಿಯಿಂದ ಬೆಂಕಿ ಹೊತ್ತಿಸುವುದು, ಹಳ್ಳ ದಾಟುವುದು, ಬಂಡೆಯಿಂದ ಹಗ್ಗ ಹಿಡಿದು ಇಳಿಯುವುದು ಎಲ್ಲವನ್ನೂ ಅವನು ಕಲಿಸಬೇಕು. ಮಧ್ಯೆ ಮನೆಯ ನೆನಪಾಗಿ ಅಳುವ ಹುಡುಗನನ್ನು ಸಮಾಧಾನಪಡಿಸಬೇಕು, ಕಾಲು ಉಳುಕಿದ ಹುಡುಗಿಯನ್ನು ಹೊತ್ತು ತರಬೇಕು, ರಾತ್ರಿ ಯಾರೂ ಡೇರೆಯಿಂದ ಹೊರಬೀಳದಂತೆ ಕಾಯಬೇಕು. ಇಡೀ ಶಿಬಿರದಲ್ಲಿ ಅತಿ ಕಡಿಮೆ ನಿದ್ದೆ ಮಾಡುವವನು ಅವನೇ. ಎಲ್ಲರ ಪ್ರಾಣವೂ ಅವನ ಎಚ್ಚರದ ಮೇಲೆಯೇ ನಿಂತಿರುತ್ತದೆ. ಒಂದು ತಂಡ ಹೋಗುವ ಸಂಜೆ ಮತ್ತೊಂದು ತಂಡ ಬರುತ್ತದೆ. ಮೇ ಕೊನೆಗೆ ಅವನ ಕೈಗೆ ಒಂದಿಷ್ಟು ಗೌರವಧನ ಬೀಳುತ್ತದೆ. ಆ ಎರಡು ತಿಂಗಳು ಅವನಿಗೆ ವಿಮೆ ಇತ್ತೇ ಎಂದು ವಿಚಾರಿಸುವವರು ವಿರಳ.

ಈ ಬೋಧಕರನ್ನು ಹಳಿಯುವುದು ಸುಲಭ; ಆದರೆ ಅದು ನ್ಯಾಯವಲ್ಲ. ಅವರಲ್ಲಿ ಬಹುಪಾಲು ಮಂದಿ ಮಕ್ಕಳ ಮೇಲೆ ನಿಜವಾದ ಅಕ್ಕರೆಯುಳ್ಳವರು, ಕಾಡಿನ ಮೇಲೆ ನಿಜವಾದ ಒಲವುಳ್ಳವರು. ಪ್ರಶ್ನೆ ಇರುವುದು ಅವರು ಏನನ್ನು ಕಲಿತು ಬಂದಿದ್ದಾರೆ ಮತ್ತು ಎಲ್ಲಿಯ ಪಾಠವನ್ನು ಎಲ್ಲಿ ಹೇಳುತ್ತಿದ್ದಾರೆ ಎಂಬುದರಲ್ಲಿ.

ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆ 1954ರಲ್ಲಿ, ಉತ್ತರಕಾಶಿಯದು 1965ರಲ್ಲಿ ಸ್ಥಾಪನೆಯಾದವು. ಎರಡೂ ಶ್ರೇಷ್ಠ ಸಂಸ್ಥೆಗಳೇ. ಅಲ್ಲಿನ ಪ್ರಾಥಮಿಕ ತರಬೇತಿ ಮುಗಿಸಿದವನಿಗೆ ಹಿಮದ ಮೇಲೆ ನಡೆಯುವುದು ಗೊತ್ತು, ಹಗ್ಗದ ಲೆಕ್ಕ ಗೊತ್ತು, ಎತ್ತರದಲ್ಲಿ ಉಸಿರು ಕಟ್ಟಿದಾಗ ಏನು ಮಾಡಬೇಕೆಂಬುದು ಗೊತ್ತು. ಶಿಬಿರಗಳ ಉಳಿದ ಪಠ್ಯ ಬಂದದ್ದು ಇನ್ನೂ ದೂರದಿಂದ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ 1965ರಲ್ಲಿ ಹೊರಾಂಗಣ ನಾಯಕತ್ವದ ಶಾಲೆ ಆರಂಭವಾಗಿ, ಬೋಧಕವೃತ್ತಿಗೆ ಒಂದು ಶಿಸ್ತು ಬಂತು. ಅಲ್ಲಿನ ಚಳಿ, ಅಲ್ಲಿನ ಸೂಚಿಪರ್ಣಿ ಕಾಡು, ಅಲ್ಲಿನ ಕರಡಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ಕೈಪಿಡಿಗಳೇ ಇಂದು ಕೊಡಚಾದ್ರಿಯ ತಪ್ಪಲಲ್ಲಿಯೂ ಕುದುರೆಮುಖದ ಸುತ್ತಮುತ್ತಲೂ ಪಾಠವಾಗುತ್ತಿವೆ.

ಒಂದೇ ಉದಾಹರಣೆ ಸಾಕು. ಕಾಡಿನಲ್ಲಿ ದಾರಿ ತಪ್ಪಿದವನು ಒಣ ಎಲೆಗಳನ್ನು ರಾಶಿ ಹಾಕಿ, ಅದರೊಳಗೆ ಗೂಡಿನಂತೆ ನುಸುಳಿ ಮಲಗಬೇಕೆಂದು ಆ ಕೈಪಿಡಿಗಳು ಹೇಳುತ್ತವೆ. ಶೀತದೇಶದಲ್ಲಿ ಇದು ಜೀವ ಉಳಿಸುವ ವಿದ್ಯೆ. ಇದನ್ನೇ ಏಪ್ರಿಲ್ ತಿಂಗಳಲ್ಲಿ ಸಾಗರ, ಸಿದ್ದಾಪುರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡಿನಲ್ಲಿ ಮಕ್ಕಳಿಂದ ಮಾಡಿಸಿದರೆ ಆಗುವುದೇನು? ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಮರಿ ಉಣುಗುಗಳು ದರಕಿನಲ್ಲಿ ಕಾದು ಕುಳಿತಿರುವ ಕಾಲವದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಅದರ ಬೆನ್ನಿಗೇ ಜನರೂ ಜ್ವರದಿಂದ ಮಲಗಿದಾಗ ಪತ್ತೆಯಾದ ಈ ರೋಗಕ್ಕೆ ಪ್ರಪಂಚದ ವೈದ್ಯಗ್ರಂಥಗಳಲ್ಲಿ ಆ ಊರಿನ ಹೆಸರೇ ನಿಂತಿದೆ. ಹಿಮಾಫೈಸಾಲಿಸ್ ಎಂಬ ಕುಲದ ಉಣುಗು ರೋಗಾಣುವನ್ನು ಹೊರುತ್ತದೆ. ಮುಸಿಯವೋ ಕೆಂಪು ಮಂಗವೋ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳೆಲ್ಲ ಅಲ್ಲಿಯೇ ಇಳಿದು, ಆ ಜಾಗ ರೋಗದ ಮಡುವಾಗುತ್ತದೆ. ಡಿಸೆಂಬರಿನಿಂದ ಮೇ ತನಕ ಇದರ ಹಾವಳಿ. ದರಕು ಗುಡಿಸಲು ಹೋದವರು, ಸೌದೆ ತರಲು ಹೋದವರು ಇದಕ್ಕೆ ಹೆಚ್ಚಾಗಿ ತುತ್ತಾದವರು. ಮಲೆನಾಡಿನ ಕೂಲಿಕಾರರು ಬದುಕಿನ ಅನಿವಾರ್ಯದಿಂದ ಎದುರಿಸುವ ಅಪಾಯವನ್ನು ನಗರದ ಮಕ್ಕಳಿಗೆ ಶುಲ್ಕ ಪಡೆದು ಒದಗಿಸಿದಂತಾಯಿತು!

ಈ ಕಾಯಿಲೆಯಲ್ಲಿ ಶಿಬಿರಗಳಿಗೆ ಸಂಬಂಧಿಸಿದಂತೆ ಇನ್ನೊಂದು ಸೂಕ್ಷ್ಮವಿದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳ ಅನಂತರ ಜ್ವರ ತಲೆದೋರುತ್ತದೆ. ಶಿಬಿರದ ಅವಧಿ ಸಾಮಾನ್ಯವಾಗಿ ಐದಾರು ದಿನ. ಅಂದರೆ ಮಗು ಕಾಡಿನಲ್ಲಿರುವಾಗ ಲವಲವಿಕೆಯಿಂದಲೇ ಇರುತ್ತದೆ. ಜ್ವರ ಬರುವುದು ಬೆಂಗಳೂರಿನ ಮನೆಯಲ್ಲಿ. ಇದ್ದಕ್ಕಿದ್ದಂತೆ ಏರುವ ಜ್ವರ, ತೀವ್ರ ತಲೆನೋವು, ಮೈಕೈ ನೋವು ನೋಡಿದ ಬಡಾವಣೆಯ ವೈದ್ಯರು ಡೆಂಗಿ ಎಂದೋ ವಿಷಮಶೀತ ಎಂದೋ ಶಂಕಿಸುತ್ತಾರೆ. ಮಂಗನ ಕಾಯಿಲೆ ಅವರಿಗೆ ಹೊಳೆಯಬೇಕಾದರೆ ಮಗು ಎಲ್ಲಿಗೆ ಹೋಗಿತ್ತು, ಅಲ್ಲಿ ಮಂಗ ಸತ್ತಿತ್ತೇ ಎಂಬುದನ್ನು ಯಾರಾದರೂ ಹೇಳಬೇಕು. ಕೆಲವರಲ್ಲಿ ರಕ್ತಸ್ರಾವವಾಗುತ್ತದೆ, ಕೆಲವರಲ್ಲಿ ಜ್ವರ ಬಿಟ್ಟಂತೆ ಮಾಡಿ ಮತ್ತೆ ಬಂದು ಮಿದುಳಿಗೆ ತಗಲುತ್ತದೆ. ನಿರ್ದಿಷ್ಟ ಔಷಧಿ ಇಲ್ಲ. ಸಕಾಲದ ಶುಶ್ರೂಷೆಯೇ ಮದ್ದು. ದಶಕಗಳ ಕಾಲ ನೀಡುತ್ತಿದ್ದ ಹಳೆಯ ಲಸಿಕೆಯ ರಕ್ಷಣೆ ಸಾಲದೆಂದು ಕಂಡುಬಂದು 2022ರಲ್ಲಿ ಅದನ್ನು ಕೈಬಿಡಲಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ, 2024ರಲ್ಲಿ ಸಿದ್ದಾಪುರ ತಾಲ್ಲೂಕು ಅನುಭವಿಸಿದ ಸಂಕಟ ಈ ಪತ್ರಿಕೆಯ ಓದುಗರಿಗೆ ಹೊಸತಾಗಿ ಹೇಳಬೇಕಾದದ್ದಲ್ಲ. ಆದರೆ ಬೋಧಕನಾಗಿ ಬರುವ ಹುಡುಗನಿಗೆ ಅದನ್ನು ಹೇಳಿದವರು ಯಾರು?

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ಮಳೆಗಾಲದಲ್ಲಿಯೂ ಅದು ಮುಗಿಯುವ ದಸರೆಯ ದಿನಗಳಲ್ಲಿಯೂ ಶಿಬಿರ ನಡೆಸಲು ಸಂಘಟಕರು ಹಿಂದೇಟು ಹಾಕುತ್ತಾರೆ. ಕಾರಣ ಇಂಬಳ. ಮಗುವಿನ ಕಾಲಲ್ಲಿ ರಕ್ತ ಹರಿಯುವ ಚಿತ್ರ ಕಂಡರೆ ತಂದೆತಾಯಿಗಳು ಹೌಹಾರುತ್ತಾರೆ. ವಾಸ್ತವವಾಗಿ ಇಂಬಳ ಕಚ್ಚಿದರೆ ಹೋಗುವುದು ಸ್ವಲ್ಪ ರಕ್ತ, ಉಳಿಯುವುದು ಎರಡು ದಿನದ ತುರಿಕೆ. ಇಲ್ಲಿ ಅದರಿಂದ ಯಾವ ಮಾರಕ ರೋಗವೂ ಹರಡಿದ್ದು ಕಂಡುಬಂದಿಲ್ಲ. ಉಣುಗು ಕಚ್ಚಿದ್ದು ಮಾತ್ರ ಗೊತ್ತಾಗುವುದೂ ಇಲ್ಲ, ರಕ್ತ ಕಾಣುವುದೂ ಇಲ್ಲ. ಕಣ್ಣಿಗೆ ಅಸಹ್ಯವಾದದ್ದಕ್ಕೆ ಹೆದರಿ, ಕಣ್ಣಿಗೆ ಕಾಣದ್ದರ ಬಾಯಿಗೆ ಮಕ್ಕಳನ್ನು ಒಡ್ಡುವ ಈ ಪಂಚಾಂಗವನ್ನು ರೂಪಿಸಿದ್ದು ಶಾಲೆಯ ರಜೆಯೇ ಹೊರತು ಕಾಡಿನ ತಿಳಿವಳಿಕೆಯಲ್ಲ. ದಸರೆ ರಜೆ ಅಕ್ಟೋಬರಿನಲ್ಲಿ ಬರುತ್ತದೆ. ಆಗ ಹಳ್ಳಗಳಲ್ಲಿ ನೀರಿದೆ, ಹುಲ್ಲು ಹಸಿರಾಗಿದೆ, ಕಾಡಿಗೆ ಬೆಂಕಿ ಬೀಳುವ ಭಯವಿಲ್ಲ, ಉಣುಗಿನ ಕಾಲ ಇನ್ನೂ ಬಂದಿಲ್ಲ. ಹದಿನೈದು ದಿನಗಳ ಆ ರಜೆಯಲ್ಲಿ ಎರಡು ತಂಡಗಳನ್ನು ನಡೆಸಬಹುದು. ಬೇಸಿಗೆಯಲ್ಲಿಯಾದರೆ ಎಂಟು ತಂಡ. ಸಂಘಟಕರ ಲೆಕ್ಕ ಅರ್ಥವಾಗದ್ದೇನಲ್ಲ.

ಬೆಂಕಿಯ ವಿಷಯಕ್ಕೆ ಬರೋಣ. ಬೇಸಿಗೆ ಶಿಬಿರದ ಮುಕುಟಮಣಿ ಎಂದರೆ ರಾತ್ರಿಯ ಕ್ಯಾಂಪ್‌ಫೈರ್. ಜೊತೆಗೆ ಉಕ್ಕು, ಬೆಣಚುಕಲ್ಲುಗಳಿಂದ ಕಿಡಿ ಹಾರಿಸಿ ಬೆಂಕಿ ಮಾಡುವ ಪಾಠ. ಮಾರ್ಚಿನಿಂದ ಮೇವರೆಗೆ ಘಟ್ಟದ ಬೋಳುಗುಡ್ಡಗಳ ಹುಲ್ಲು ಕಾಗದದಂತೆ ಒಣಗಿರುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರ ತಂಡವೊಂದು ಕಾಳ್ಗಿಚ್ಚಿಗೆ ಸಿಕ್ಕಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ತಂಡವನ್ನು ನಡೆಸುತ್ತಿದ್ದವರೂ ಇದ್ದರು. ಆ ದುರಂತದ ಬಳಿಕ ಅದೇ ವರ್ಷ ತಮಿಳುನಾಡು ಸರ್ಕಾರ ಚಾರಣಕ್ಕೆ ನಿಯಮಾವಳಿ ರೂಪಿಸಿತು.

ಬೆಂಕಿ ಇಳಿಜಾರಿನಲ್ಲಿ ಮೇಲ್ಮುಖವಾಗಿ ಓಡುವಷ್ಟು ವೇಗವಾಗಿ ಮನುಷ್ಯ ಓಡಲಾರ. ಕೆಳಗಿನ ಜ್ವಾಲೆಯ ಬಿಸಿ ಮೇಲಿನ ಹುಲ್ಲನ್ನು ಮುಂಚೆಯೇ ಒಣಗಿಸಿ ಸಿದ್ಧಗೊಳಿಸಿರುತ್ತದೆ. ಹೊಗೆ ಕಂಡಾಗ ಗುಡ್ಡದ ನೆತ್ತಿಗೆ ಏರುವುದು ಸಹಜ ಪ್ರವೃತ್ತಿ, ಮತ್ತು ಅದೇ ಮಾರಕ. ಈಗಾಗಲೇ ಸುಟ್ಟು ಕರಕಾದ ನೆಲ, ಬರಿಬಂಡೆ, ಹಳ್ಳದ ಪಾತ್ರ, ಪಕ್ಕಕ್ಕೆ ಹೋಗಿ ಸೇರಬಹುದಾದ ಹಸಿರು ಶೋಲಾ ಇವು ಆಸರೆಯ ಸ್ಥಳಗಳು. ಹುಲ್ಲುಗುಡ್ಡವನ್ನು ಹತ್ತುವ ಮೊದಲೇ ಇವನ್ನು ಕಣ್ಣಿನಲ್ಲಿ ಗುರುತು ಹಾಕಿಕೊಂಡಿರಬೇಕು. ಬೆಂಕಿರೇಖೆ ಕಡಿಯಲು ಪ್ರತಿ ವರ್ಷ ಹೋಗುವ ಹಳ್ಳಿಯ ಕಾವಲುಗಾರನಿಗೆ ಇದು ಮೈಗೂಡಿದ ವಿದ್ಯೆ. ಕಿಡಿ ಹಾರಿಸುವುದನ್ನು ಒಂದು ತಾಸು ಕಲಿಸುವ ಶಿಬಿರ, ಕಿಡಿಯಿಂದ ತಪ್ಪಿಸಿಕೊಳ್ಳುವುದನ್ನು ಅರ್ಧ ತಾಸಾದರೂ ಕಲಿಸಬೇಡವೆ? ಬೇಸಿಗೆಯಲ್ಲಿ ಬೆಂಕಿಪಾಠ ಅಗತ್ಯವೇ ಆದರೆ ಅಡುಗೆಮನೆಯ ಒಲೆಯ ಮುಂದೆ ಕೂರಿಸಿ ಕಲಿಸಲಿ. ಮಲೆನಾಡಿನ ಹಳೆಯ ಒಲೆಗಳಲ್ಲಿ ಹಸಿ ಸೌದೆ ಹೊತ್ತಿಸುವುದು ಯಾವ ಕಾಡುವಿದ್ಯೆಗೂ ಕಡಿಮೆಯದಲ್ಲ.

ನೀರಿನ ಪಾಠವೂ ಇದೇ ಬಗೆಯದು. ಹರಿಯುವ ನೀರು ಶುದ್ಧ, ಕುದಿಸಿದರೆ ಇನ್ನೂ ಶುದ್ಧ ಎಂದು ಬೋಧಕ ಹೇಳುತ್ತಾನೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಕೀಟನಾಶಕ ಸಾಯುವುದಿಲ್ಲ. ಇಂದು ಘಟ್ಟದ ಎಷ್ಟೋ ಹಳ್ಳಗಳ ಮೇಲ್ಭಾಗದಲ್ಲಿ ಕಾಫಿ ತೋಟವಿದೆ, ಅಡಿಕೆ ತೋಟವಿದೆ, ಗದ್ದೆಗಳಿದ್ದಲ್ಲಿ ಶುಂಠಿ ಬಂದಿದೆ. ಶುಂಠಿಗೆ ಸುರಿಯುವ ವಿಷದ ಪ್ರಮಾಣ ಬಲ್ಲವರೇ ಬಲ್ಲರು. ಆದ್ದರಿಂದ ಹಳ್ಳದ ನೀರು ಕುಡಿಯಬಹುದೋ ಬಾರದೋ ಎಂಬುದಕ್ಕೆ ಉತ್ತರ ಹಳ್ಳದಲ್ಲಿಲ್ಲ, ಮೇಲಿನ ಜಮೀನಿನಲ್ಲಿದೆ. ಯಾರ ತೋಟ, ಈ ವಾರ ಏನು ಹೊಡೆದಿದ್ದಾರೆ ಎಂದು ಕೇಳಿ ತಿಳಿಯಬಲ್ಲವನು ಊರಿನವನು ಮಾತ್ರ. ಅಣೆಕಟ್ಟಿನ ಕೆಳಗಿನ ನದಿಗಳಲ್ಲಂತೂ ನೀರಿನ ಮಟ್ಟವನ್ನು ತೀರ್ಮಾನಿಸುವುದು ಮಳೆಯೂ ಅಲ್ಲ, ವಿದ್ಯುತ್ತಿನ ಬೇಡಿಕೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಶರಾವತಿ, ಕಾಳಿ ನದಿಗಳೂ ಅಣೆಕಟ್ಟಿನ ನದಿಗಳೇ.

ಹಾವಿನ ವಿಚಾರದಲ್ಲಿ ಪರಿಸ್ಥಿತಿ ಮೊದಲಿಗಿಂತ ಸುಧಾರಿಸಿದೆ. ಬ್ಲೇಡಿನಿಂದ ಕೊಯ್ದು ರಕ್ತ ಹೀರುವುದು, ಬಿಗಿಯಾಗಿ ಕಟ್ಟುವುದು ಇವೆಲ್ಲ ಅಪಾಯಕಾರಿಯೆಂದು ಈಗಿನ ಬೋಧಕರಿಗೆ ಬಹುತೇಕ ತಿಳಿದಿದೆ. ಅಲುಗಾಡಿಸದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆದರೆ ಭಾರತದ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಎಂಬುದೂ, ಘಟ್ಟದ ಗುಳಿಮಂಡಲಗಳು ಆ ಪಟ್ಟಿಯಲ್ಲಿ ಇಲ್ಲವೆಂಬುದೂ ತಿಳಿದಿರಬೇಕು. ಪ್ರತಿವಿಷ ದಾಸ್ತಾನಿರುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ಅಲ್ಲಿ ವೈದ್ಯರಿರುತ್ತಾರೆಯೇ, ಜೀಪು ಯಾರದು ಎಂಬುದು ಶಿಬಿರಕ್ಕೆ ಜಾಗ ಗೊತ್ತುಪಡಿಸುವಾಗಲೇ ಕೇಳಬೇಕಾದ ಪ್ರಶ್ನೆಗಳು. ಹಾವಿಗಿಂತ ಹೆಚ್ಚು ಚಿಂತಿಸಬೇಕಾದದ್ದು ಹೆಜ್ಜೇನು. ಹಗ್ಗ ಇಳಿಬಿಡಲು ಆರಿಸುವ ಕಡಿದಾದ ಬಂಡೆಯೇ ಅವುಗಳಿಗೂ ಪ್ರಿಯವಾದ ಮನೆ. ಹಗ್ಗ ಬಿಗಿಯುವ ಮೊದಲು ಕತ್ತೆತ್ತಿ ನೋಡುವ ಅಭ್ಯಾಸ ಬಹಳ ಮಂದಿಗೆ ಇಲ್ಲ. ಸಿಡಿಲಿನದೂ ಒಂದು ಮಾತು: ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಬೋಳುಗುಡ್ಡದ ನೆತ್ತಿಯಲ್ಲಿ ಮಕ್ಕಳನ್ನು ನಿಲ್ಲಿಸಿಕೊಂಡು ಸೂರ್ಯಾಸ್ತ ಕಾಯುವುದು ಚಿತ್ರಕ್ಕೆ ಚೆನ್ನ, ಅಷ್ಟೆ.

ಹಗ್ಗದ ಪ್ರಸ್ತಾಪ ಬಂದದ್ದರಿಂದ ಕೊನೆಗೌಡರ ವಿಷಯ ಹೇಳಲೇಬೇಕು. ಶಿರಸಿ, ಸಿದ್ದಾಪುರ, ಸಾಗರ ಸೀಮೆಯ ಅಡಿಕೆ ತೋಟಗಳಲ್ಲಿ ಕೊನೆ ಇಳಿಸುವ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಈ ಕುಶಲಿಗಳು ಪಾದಗಳಿಗೆ ಹಗ್ಗದ ಬಳೆ ಸಿಕ್ಕಿಸಿಕೊಂಡು, ಮಳೆಯಲ್ಲಿ ಪಾಚಿಗಟ್ಟಿದ ಮರವನ್ನೇರಿ, ನೆಲದಿಂದ ನಲವತ್ತು ಐವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ತೂಗಿ ದಾಟುತ್ತಾರೆ. ಮರದ ವಯಸ್ಸು, ಬಾಗುವ ಗುಣ, ಗಾಳಿಯ ದಿಕ್ಕು ಎಲ್ಲದರ ಲೆಕ್ಕ ಅವರ ಮೈಯಲ್ಲಿದೆ. ಶಿಬಿರದ ಬಂಡೆಗೂ ಈ ತೋಟಕ್ಕೂ ಕೆಲವೆಡೆ ಅರ್ಧ ಮೈಲಿಯ ಅಂತರವೂ ಇರುವುದಿಲ್ಲ. ಆದರೆ ಹಗ್ಗದ ವಿದ್ಯೆ ಕಲಿಯಲು ನೂರಾರು ಮೈಲಿ ದೂರದಿಂದ ಬಂದ ಮಗುವಿಗೆ ಕೊನೆಗೌಡನ ದರ್ಶನವಾಗುವುದಿಲ್ಲ. ಕೊನೆಗೌಡನ ಮಗನೂ ಆ ವಿದ್ಯೆಯನ್ನು ಬಿಟ್ಟು ಪೇಟೆ ಸೇರುತ್ತಿದ್ದಾನೆ. ಅವನ ತಂದೆಯ ಕೌಶಲಕ್ಕೆ ಮರ್ಯಾದೆ ಸಿಕ್ಕ ಪ್ರಸಂಗವನ್ನು ಅವನು ಕಂಡಿದ್ದರೆ ತಾನೆ?

ಇಲ್ಲಿಯೇ ಈ ಶಿಬಿರಗಳ ಆಳದ ತೊಡಕು ಇರುವುದು. ಅಮೆರಿಕ 1964ರಲ್ಲಿ ವನ್ಯಪ್ರದೇಶ ಕಾಯಿದೆ ಮಾಡಿದಾಗ, ಮನುಷ್ಯ ಬಂದುಹೋಗುವ ಅತಿಥಿ ಮಾತ್ರ, ಅಲ್ಲಿ ನೆಲೆಸುವವನಲ್ಲ ಎಂಬ ಅರ್ಥದ ವ್ಯಾಖ್ಯೆ ಕೊಟ್ಟಿತು. ಆ ನೆಲದ ಮೂಲನಿವಾಸಿಗಳನ್ನು ಹೊರಹಾಕಿದ ಮೇಲೆ ಹಾಗೆ ಹೇಳುವುದು ಸುಲಭವಾಗಿತ್ತು. ಈ ಕಲ್ಪನೆಯನ್ನು ಭಾರತಕ್ಕೆ ತಂದು ನೆಟ್ಟರೆ ಬಡವರ ಆಸರೆ ಶ್ರೀಮಂತರ ವಿಹಾರವಾಗಿ ಮಾರ್ಪಡುತ್ತದೆಂದು ರಾಮಚಂದ್ರ ಗುಹಾ 1989ರಲ್ಲಿಯೇ ವಾದಿಸಿದರು. ಶಿಬಿರದ ಮಕ್ಕಳಿಗೆ ಘೋರಾರಣ್ಯವೆಂದು ತೋರಿಸುವ ಜಾಗ ಎಷ್ಟೋ ಸಲ ಯಾವುದೋ ಮನೆಯ ಸೊಪ್ಪಿನಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿನ ಮರಗಳ ಆಕಾರವೇ ತಲೆಮಾರುಗಳ ಸೊಪ್ಪುಸವರಿಕೆಯಿಂದ ಬಂದಿದೆ. ದಟ್ಟವಾದ ಕಾನೊಳಗೆ ಕಾಳುಮೆಣಸಿನ ಬಳ್ಳಿ ಹಬ್ಬಿದ್ದರೆ, ಬೈನೆ ಮರ ನಿಂತಿದ್ದರೆ, ಅಲ್ಲಿ ಯಾರದೋ ಕೈ ಆಡಿದೆ. ಇದನ್ನು ಓದಲು ಕಲಿಸದೆ ಜನರಿಲ್ಲದ ಕಾಡು ಎಂಬ ಕಟ್ಟುಕತೆಯನ್ನು ಕಲಿಸಿದರೆ, ಆ ಮಗು ಬೆಳೆದು ಅಧಿಕಾರಿಯಾದಾಗ ಸೌದೆ ಹೊತ್ತು ಬರುವ ಹೆಂಗಸನ್ನು ಅರಣ್ಯದ ಶತ್ರುವೆಂದೇ ಭಾವಿಸುತ್ತದೆ.

ಶಿಬಿರಗಳಲ್ಲಿ ಊರಿನ ಯುವಕರು ಇಲ್ಲವೆಂದಲ್ಲ. ಅವರು ಅಡುಗೆಗೆ ಇದ್ದಾರೆ, ಸಾಮಾನು ಹೊರಲು ಇದ್ದಾರೆ. ಸಾಲಿನ ಮುಂದೆ ಕತ್ತಿ ಹಿಡಿದು ದಾರಿ ಬಿಡಿಸುವವನನ್ನು ಹೆಲ್ಪರ್ ಎಂದು ಕರೆಯುತ್ತಾರೆ; ಸಾಲಿನ ನಡುವೆ ಸೀಟಿ ಊದುವವನು ಬೋಧಕ. ಯಾವ ಹಣ್ಣು ತಿನ್ನಬಹುದು ಎಂಬ ಪ್ರಶ್ನೆಗೆ ಬೋಧಕ ಪುಸ್ತಕ ತೆರೆಯುತ್ತಾನೆ. ಹೆಲ್ಪರ್ ಅಷ್ಟರಲ್ಲಿ ಕವಳಿ ಹಣ್ಣು ಕೊಯ್ದು ತಂದಿರುತ್ತಾನೆ. ಕಾಸರಕದ ಕಿತ್ತಳೆ ಬಣ್ಣದ ಚೆಂದದ ಹಣ್ಣು ವಿಷವೆಂದೂ, ಕಾಡುಗೇರಿನ ಸೊನೆ ಮೈಗೆ ಸೋಕಿದರೆ ಬೊಬ್ಬೆ ಏಳುವುದೆಂದೂ, ನಸುಗುನ್ನಿ ಕಾಯಿಯ ರೋಮ ಗಾಳಿಯಲ್ಲಿ ಹಾರುವ ಕಾಲ ಇದೇ ಎಂದೂ ಅವನಿಗೆ ಬಾಲ್ಯದಿಂದಲೇ ಗೊತ್ತು. ತೇಜಸ್ವಿಯವರ 'ಕರ್ವಾಲೊ' ಕಾದಂಬರಿ 1980ರಲ್ಲಿ ಬಂತು. ಊರಿನ ಕಣ್ಣಿಗೆ ಕೆಲಸಕ್ಕೆ ಬಾರದವನಾಗಿದ್ದ ಮಂದಣ್ಣನಲ್ಲಿ ಹುಟ್ಟು ಪ್ರಕೃತಿವಿಜ್ಞಾನಿಯನ್ನು ಗುರುತಿಸುವವರು ಅದರಲ್ಲಿ ಒಬ್ಬ ವಿಜ್ಞಾನಿ. ಅದನ್ನು ಮೆಚ್ಚಿ ಓದಿದ ಎರಡು ತಲೆಮಾರುಗಳ ಪರಿಸರಪ್ರೇಮಿಗಳು ತಮ್ಮ ಶಿಬಿರದ ಮಂದಣ್ಣನಿಗೆ ಇಂದಿಗೂ ಪಾತ್ರೆ ತೊಳೆಯುವ ಕೆಲಸವನ್ನೇ ಕೊಡುತ್ತಿದ್ದಾರೆ.

ಊರಿನವನಾದ ಮಾತ್ರಕ್ಕೆ ಒಳ್ಳೆಯ ಬೋಧಕನಾಗುತ್ತಾನೆ ಎಂದು ಇದರ ಅರ್ಥವಲ್ಲ. ಅವನಿಗೂ ಕಲಿಯಬೇಕಾದದ್ದು ಬಹಳವಿದೆ. ಅವನು ನಡೆಯುವ ವೇಗಕ್ಕೆ ಹನ್ನೆರಡು ವರ್ಷದ ನಗರದ ಮಗು ಕುಸಿದೀತು. ಹೆದರಿದ ಮಗುವಿನೊಡನೆ ಮಾತನಾಡುವುದು, ಉಸಿರು ನಿಂತವನ ಎದೆ ಒತ್ತುವುದು, ಮೂಳೆ ಮುರಿದಾಗ ಪಟ್ಟಿ ಕಟ್ಟುವುದು, ಪ್ರತಿ ತಾಸಿಗೊಮ್ಮೆ ತಲೆ ಎಣಿಸುವುದು ಇವು ತರಬೇತಿಯಿಂದ ಬರುವ ವಿದ್ಯೆಗಳು. ಅಮೆರಿಕದಲ್ಲಿ ಇಂಥ ತಂಡಗಳನ್ನು ನಡೆಸುವವರು ಆಸ್ಪತ್ರೆ ದೂರವಿರುವಲ್ಲಿ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನೇ ಎಪ್ಪತ್ತು ಎಂಬತ್ತು ತಾಸು ಕಲಿಯುತ್ತಾರೆ. ಅವರಿಂದ ಎರವಲು ಪಡೆಯಬೇಕಾದದ್ದು ಇದು, ಎಲೆಯ ಗೂಡಲ್ಲ. ಹೊರಗಿನವನೊಬ್ಬ, ಊರಿನವನೊಬ್ಬ ಸೇರಿ ಪ್ರತಿ ತಂಡಕ್ಕೆ ಇಬ್ಬರು ಬೋಧಕರು. ಒಂದೇ ಹೆಸರು, ಒಂದೇ ಸಂಬಳ, ಒಂದೇ ವಿಮೆ. ಸಂಬಳದಲ್ಲಿ ಭೇದ ಉಳಿದಿರುವ ತನಕ ಉಳಿದೆಲ್ಲ ಸಮಾನತೆಯ ಮಾತು ವ್ಯರ್ಥ.

ಬೋಧಕನ ಮಾತಿಗೆ ಬೆಲೆ ಇರಬೇಕೆಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ನೆನೆಯುವಂಥದು. 1993ರ ಮಾರ್ಚ್ 22ರಂದು ಅಲ್ಲಿನ ಲೈಮ್ ಕೊಲ್ಲಿಯಲ್ಲಿ ದೋಣಿ ನಡೆಸಲು ಕಲಿಯುತ್ತಿದ್ದ ಪ್ಲಿಮತ್ ನಗರದ ಒಂದು ಶಾಲೆಯ ನಾಲ್ವರು ವಿದ್ಯಾರ್ಥಿಗಳು ಸಮುದ್ರಪಾಲಾದರು. ಜೊತೆಗಿದ್ದ ಇಬ್ಬರು ಬೋಧಕರಿಗೆ ಅಂಥ ಸಮುದ್ರಕ್ಕೆ ತಕ್ಕ ಅನುಭವವಿರಲಿಲ್ಲ. ಆ ಕೇಂದ್ರದಲ್ಲಿ ಸುರಕ್ಷತೆ ಸಾಲದೆಂದು ಬೇಸತ್ತು ಕೆಲಸ ಬಿಟ್ಟಿದ್ದ ಇಬ್ಬರು ಬೋಧಕರು ದುರಂತಕ್ಕೆ ಮೊದಲೇ ಮಾಲೀಕನಿಗೆ ಪತ್ರ ಬರೆದು ಎಚ್ಚರಿಸಿದ್ದರು. ನ್ಯಾಯಾಲಯದಲ್ಲಿ ಆ ಪತ್ರವೇ ಮುಖ್ಯ ಸಾಕ್ಷ್ಯವಾಗಿ, ಮಾಲೀಕನಿಗೆ ಸೆರೆವಾಸವಾಯಿತು. 1995ರಲ್ಲಿ ಮಕ್ಕಳ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾಯಿದೆ ಬಂತು. ಭಾರತದಲ್ಲಿ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿ ಹೊರಡಿಸಿದೆ, ಮಾರ್ಗಸೂಚಿ ಕಾನೂನಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯಂತೆ ಮುಗಿಬಿದ್ದ ಬಳಿಕ ಕರ್ನಾಟಕದಲ್ಲಿ ಚಾರಣಕ್ಕೆ ಮುಂಗಡ ನೋಂದಣಿ, ದಿನದ ಮಿತಿ ಬಂದವು. ತಲೆಗಳ ಎಣಿಕೆ ಅದರಿಂದ ಆಗುತ್ತದೆ. ಆ ತಲೆಗಳನ್ನು ನಡೆಸಿಕೊಂಡು ಹೋಗುವವನ ಅರ್ಹತೆಯೇನೆಂದು ಅದು ಕೇಳುವುದಿಲ್ಲ. ಖಾಸಗಿ ತೋಟದಲ್ಲಿ, ಹೋಂಸ್ಟೇ ಅಂಗಳದಲ್ಲಿ ನಡೆಯುವ ಶಿಬಿರಗಳಂತೂ ಆ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟೆಲ್ಲ ತೊಡಕಿದ್ದರೆ ಶಿಬಿರಗಳನ್ನೇ ನಿಲ್ಲಿಸಬಾರದೇಕೆ ಎಂದು ಚಳವಳಿಯೊಳಗಿನ ಕೆಲವು ಹಿರಿಯರು ಕೇಳುತ್ತಿರುತ್ತಾರೆ. ಅವರ ಬೇಸರಕ್ಕೆ ಕಾರಣವಿದೆ: ಹಳ್ಳದಲ್ಲಿ ಸೋಪಿನ ನೊರೆ, ದಾರಿಯುದ್ದ ಬಿಸ್ಕತ್ತಿನ ಕಾಗದ, ರಾತ್ರಿಯ ಗದ್ದಲ. ಆದರೂ ಆ ವಾದ ಒಪ್ಪತಕ್ಕದ್ದಲ್ಲ. ಒಂದು ರಾತ್ರಿಯಾದರೂ ಕತ್ತಲನ್ನು ಕಂಡ, ಮಳೆಗೆ ಮುಂಚಿನ ಮಿಂಚುಹುಳುಗಳ ಮರವನ್ನು ನೋಡಿ ಮಾತು ಮರೆತ ಮಕ್ಕಳಿಂದಲೇ ನಾಳೆ ಘಟ್ಟದ ಪರವಾಗಿ ಮಾತನಾಡುವ ನಗರವಾಸಿಗಳು ಬರಬೇಕು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನದಂಥ ಕಾರ್ಯಕ್ರಮ ಸರ್ಕಾರಿ ಶಾಲೆಯ ಮಕ್ಕಳನ್ನೂ ಕಾಡಿಗೆ ತಲುಪಿಸಿದೆ. ಮಲೆನಾಡಿನ ಮಕ್ಕಳೇ ಕಾನು ಕಾಣದೆ ಬೆಳೆಯುತ್ತಿರುವ ಕಾಲದಲ್ಲಿ ಶಿಬಿರಗಳು ಹೆಚ್ಚಬೇಕಾಗಿವೆ. ಆದರೆ ಈಗಿನ ಶಿಬಿರಗಳಲ್ಲ.

ಮುಂದಿನ ಬೇಸಿಗೆಗೆ ಮುನ್ನ ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ನವೆಂಬರಿನಲ್ಲಿ, ಮಂಗನ ಕಾಯಿಲೆಯ ಕಾಲ ಆರಂಭವಾಗುವ ಮುಂಚೆ, ಆಯಾ ತಾಲ್ಲೂಕಿನ ಶಿಬಿರ ಸಂಘಟಕರನ್ನೂ ಬೋಧಕರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದವರೊಂದಿಗೆ ಒಂದು ದಿನ ಕೂರಿಸುವುದು. ಎಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಅದೇ ದಿನ ಬೋಧಕರಿಗೆ ತಲುಪುವ ವ್ಯವಸ್ಥೆ. ಸುದ್ದಿ ಬಂದ ಕಾಡಿನಲ್ಲಿ ಆ ವರ್ಷ ಶಿಬಿರವಿಲ್ಲ. ಕಾಡಿಗೆ ಹೊರಡುವ ಮುಂಚೆ ಆರೋಗ್ಯ ಇಲಾಖೆ ಕೊಡುವ ತೈಲ, ಮರಳಿದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಗೆ ಬಿಸಿನೀರು. ಬೆಂಕಿ, ಸಿಡಿಲು, ನೀರು, ಜೇನು ಯಾವುದರ ಸುಳಿವು ಕಂಡರೂ ಕಾರ್ಯಕ್ರಮವನ್ನು ಅಲ್ಲಿಯೇ ನಿಲ್ಲಿಸುವ ಅಧಿಕಾರವನ್ನು ಇಬ್ಬರು ಬೋಧಕರಲ್ಲಿ ಯಾರೊಬ್ಬರಾದರೂ ಚಲಾಯಿಸಬಹುದೆಂದು ಬರವಣಿಗೆಯಲ್ಲಿ ಕೊಡುವುದು. ನಿಲ್ಲಿಸಿದ ಕಾರಣಕ್ಕೆ ಅವನ ಸಂಬಳ ಕಡಿಯದಿರುವುದು. ಮತ್ತು ಬಸ್ಸು ಹೊರಡುವಾಗ ಪ್ರತಿ ಮಗುವಿನ ಚೀಲದಲ್ಲಿ ವೈದ್ಯರ ಹೆಸರಿಗೆ ಒಂದು ಚೀಟಿ: ಈ ಮಗು ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಇಂಥ ತಾಲ್ಲೂಕಿನ ಕಾಡಿನಲ್ಲಿತ್ತು, ಹತ್ತು ದಿನಗಳೊಳಗೆ ಜ್ವರ ಬಂದರೆ ಮಂಗನ ಕಾಯಿಲೆಯ ಪರೀಕ್ಷೆ ಮಾಡಿಸಿರಿ. ಕೆಳಗೆ ಇಬ್ಬರು ಬೋಧಕರ ಸಹಿ, ಊರಿನವನದು ಮೊದಲು.